ಹುಬ್ಬಳ್ಳಿಯ ಖಾತೆಯಲ್ಲಿ ನಮ್ಮ ಊರುಗಳ ಜಮಾ

ನಮ್ಮ ಕಾಲೇಜಿನಲ್ಲಿ ಹುಬ್ಬಳ್ಳಿ ನೋಡದ ವಿದ್ಯಾರ್ಥಿ ಸಿಗುವುದು ಕಷ್ಟ. ಹಬ್ಬದ ಬಟ್ಟೆಗೆ ಹುಬ್ಬಳ್ಳಿ, ದೊಡ್ಡ ಆಸ್ಪತ್ರೆಗೆ ಹುಬ್ಬಳ್ಳಿ, ಮೊಬೈಲ್ ರಿಪೇರಿಗೆ ಹುಬ್ಬಳ್ಳಿ, ಪಿಯುಸಿ ಮುಗಿದ ಮೇಲೆ ಬಿ.ಕಾಂ. ಓದಲೂ ಹುಬ್ಬಳ್ಳಿ. ನವಲಗುಂದ, ಅಣ್ಣಿಗೇರಿ, ಕುಂದಗೋಳ, ಕಲಘಟಗಿ ಎಲ್ಲಿಂದ ಹೊರಟರೂ ಬಸ್ಸಿನ ಬೋರ್ಡಿನ ಮೇಲೆ ಅದೇ ಹೆಸರು. ಆದರೆ ಹುಬ್ಬಳ್ಳಿಯ ಇತಿಹಾಸ ಏನು ಎಂದು ಕೇಳಿದರೆ ನಮ್ಮಲ್ಲಿ ಹೆಚ್ಚಿನವರು ಸುಮ್ಮನಾಗುತ್ತೇವೆ. ವಿಜಯಪುರದಲ್ಲಿ ಗೋಲಗುಮ್ಮಟ ಇದೆ, ಮೈಸೂರಿನಲ್ಲಿ ಅರಮನೆ ಇದೆ, ಹಂಪಿಯಲ್ಲಿ ಕಲ್ಲಿನ ರಥ ಇದೆ. ಹುಬ್ಬಳ್ಳಿಯಲ್ಲಿ ಟೂರ್ ಹೋಗಿ ಎದುರು ನಿಂತು ಫೋಟೊ ತೆಗೆಸಿಕೊಳ್ಳುವಂಥ ಅರಮನೆ ಇಲ್ಲ. ಆದ್ದರಿಂದ ಅಲ್ಲಿ ಬರೀ ಟ್ರಾಫಿಕ್ ಮತ್ತು ಧೂಳು ಮಾತ್ರ ಇದೆ ಎನ್ನುವವರೂ ಇದ್ದಾರೆ.

ನಾನು ವಾಣಿಜ್ಯ ವಿಭಾಗದ ವಿದ್ಯಾರ್ಥಿನಿ. ಲೆಕ್ಕಶಾಸ್ತ್ರದ ಮೊದಲ ಪಾಠದಲ್ಲಿಯೇ ನಮಗೆ ಹೇಳಿಕೊಡುವುದು, ಪ್ರತಿಯೊಂದು ಖಾತೆಗೂ ಎರಡು ಬದಿ ಇರುತ್ತವೆ ಎಂದು. ಹುಬ್ಬಳ್ಳಿಯಿಂದ ನಮಗೆ ಏನು ಬಂದಿದೆ ಎಂಬುದನ್ನು ನಾವು ದಿನಾಲೂ ಎಣಿಸುತ್ತೇವೆ. ನಮ್ಮ ಊರುಗಳಿಂದ ಹುಬ್ಬಳ್ಳಿಗೆ ಏನು ಹೋಗಿದೆ ಎಂಬ ಇನ್ನೊಂದು ಬದಿಯನ್ನು ಯಾರೂ ಬರೆಯುವುದಿಲ್ಲ. ಅದನ್ನು ಬರೆದು ನೋಡೋಣ ಎಂಬುದೇ ಈ ಲೇಖನದ ಉದ್ದೇಶ.

ಅರಸರ ಊರಲ್ಲ, ವ್ಯಾಪಾರಿಗಳ ಊರು

ಹುಬ್ಬಳ್ಳಿ ಹಳೆಯ ಊರೇ. ಉಣಕಲ್ಲಿನ ಚಂದ್ರಮೌಳೇಶ್ವರ ಗುಡಿ ಚಾಲುಕ್ಯರ ಕಾಲದ್ದು. ವಿಜಯನಗರದ ಕಾಲದಲ್ಲಿ ಈ ಊರಿಗೆ ರಾಯರ ಹುಬ್ಬಳ್ಳಿ ಎಂಬ ಹೆಸರಿತ್ತು. ಆಗಲೇ ಇಲ್ಲಿ ಹತ್ತಿ, ಕಬ್ಬಿಣ, ಮದ್ದಿಗೆ ಬೇಕಾಗುವ ಪೆಟ್ಲುಪ್ಪು ಇವುಗಳ ವ್ಯಾಪಾರ ನಡೆಯುತ್ತಿತ್ತು. ಆದಿಲ್‌ಶಾಹಿ ಆಳ್ವಿಕೆಯಲ್ಲಿ ಇಂಗ್ಲಿಷರು ಇಲ್ಲಿ ಒಂದು ಕೋಠಿ ತೆರೆದಿದ್ದರು. 1673ರಲ್ಲಿ ಶಿವಾಜಿಯ ಸೈನ್ಯ ಅದನ್ನು ಲೂಟಿ ಮಾಡಿತು. ಲೂಟಿ ಮಾಡಲು ಒಂದು ಸೈನ್ಯ ಅಷ್ಟು ದೂರದಿಂದ ಬಂದಿತೆಂದರೆ ಆ ಪೇಟೆಯಲ್ಲಿ ಎಷ್ಟು ಮಾಲು ಇದ್ದಿರಬೇಕು, ನೀವೇ ಊಹಿಸಿ.

ಆಮೇಲೆ ಮೊಘಲರ ಕಾಲದಲ್ಲಿ ಊರು ಸವಣೂರ ನವಾಬರ ಕೈಗೆ ಬಂತು. ನವಾಬ ಮಜೀದ್ ಖಾನ್ ಇಲ್ಲಿ ಮಜೀದ್‌ಪುರ ಎಂಬ ಹೊಸ ಬಡಾವಣೆ ಕಟ್ಟಿಸಿದ. ಬಸಪ್ಪ ಶೆಟ್ಟರ ಎಂಬ ವ್ಯಾಪಾರಿ ದುರ್ಗದ ಬೈಲಿನ ಸುತ್ತ ಹೊಸ ಹುಬ್ಬಳ್ಳಿ ಬೆಳೆಸಿದ. ನಾವು ಇಂದಿಗೂ ಹಳೇ ಹುಬ್ಬಳ್ಳಿ ಎಂದು ಬೇರೆಯಾಗಿ ಹೇಳುವುದಕ್ಕೆ ಕಾರಣ ಇದೇ. ಮರಾಠರು, ಹೈದರಾಲಿ, ಮತ್ತೆ ಮರಾಠರು ಎಂದು ಕೈ ಬದಲಾಗುತ್ತಾ 1817ರಲ್ಲಿ ಹುಬ್ಬಳ್ಳಿ ಬ್ರಿಟಿಷರ ಪಾಲಾಯಿತು. 1855ರಲ್ಲಿ ಇಲ್ಲಿ ಪುರಸಭೆ ಆಯಿತು. ಇಷ್ಟು ಜನ ಅರಸರು ಬಂದು ಹೋದರೂ ಯಾರೂ ಇಲ್ಲಿ ರಾಜಧಾನಿ ಕಟ್ಟಲಿಲ್ಲ. ಉಳಿದದ್ದು ಪೇಟೆ. ಪೇಟೆ ಉಳಿಯಬೇಕಾದರೆ ಮಾಲು ಬರಬೇಕು. ಮಾಲು ಬಂದದ್ದು ಸುತ್ತಲಿನ ಎರೆಹೊಲಗಳಿಂದ.

ಕುಸುಗಲ್ಲಿಗೆ ಬಂದ ಅಮೆರಿಕದ ಬೀಜ

ನವಲಗುಂದದಿಂದ ಹುಬ್ಬಳ್ಳಿಗೆ ಹೋಗುವಾಗ ಊರು ಇನ್ನೇನು ಬಂತು ಎನ್ನುವ ಹೊತ್ತಿಗೆ ಕುಸುಗಲ್ ಸಿಗುತ್ತದೆ. ನಮ್ಮ ಬಸ್ ಪಾಸಿನ ಹುಡುಗರು ಅಲ್ಲಿ ಬ್ಯಾಗು ಸರಿಮಾಡಿಕೊಂಡು ಇಳಿಯಲು ತಯಾರಾಗುತ್ತಾರೆ. ಈ ಕುಸುಗಲ್ಲಿಗೂ ಅಮೆರಿಕಕ್ಕೂ ಸಂಬಂಧ ಇದೆ ಎಂದರೆ ಯಾರೂ ನಂಬುವುದಿಲ್ಲ. ಆದರೆ ಅದು ನಿಜ.

ಆಗ ಇಂಗ್ಲೆಂಡಿನ ಬಟ್ಟೆ ಗಿರಣಿಗಳಿಗೆ ಬೇಕಾದ ಹತ್ತಿ ಬಹುಪಾಲು ಅಮೆರಿಕದಿಂದ ಬರುತ್ತಿತ್ತು. ಅಲ್ಲಿ ಅದನ್ನು ಬೆಳೆದು ಬಿಡಿಸುತ್ತಿದ್ದವರು ಗುಲಾಮರಾಗಿದ್ದ ಕಪ್ಪು ಜನ. ಒಂದೇ ದೇಶವನ್ನು ನಂಬಿಕೊಂಡರೆ ಅಪಾಯ ಎಂದು ಗಿರಣಿ ಮಾಲೀಕರು ಚಿಂತಿಸಿದರು. ಈಸ್ಟ್ ಇಂಡಿಯಾ ಕಂಪನಿ ಅಮೆರಿಕದ ಹತ್ತಿ ಬೆಳೆಗಾರರನ್ನೇ ಸಂಬಳ ಕೊಟ್ಟು ಭಾರತಕ್ಕೆ ಕರೆಸಿತು. ಅವರಲ್ಲಿ ಮರ್ಸರ್ ಎಂಬವರು 1840ರ ದಶಕದ ಆರಂಭದಲ್ಲಿ ನಮ್ಮ ಜಿಲ್ಲೆಗೆ ಬಂದರು. ಕುಸುಗಲ್ಲಿನ ಎರೆಭೂಮಿಯಲ್ಲಿ ಸರ್ಕಾರಿ ಪ್ರಯೋಗದ ಹೊಲ ಆಯಿತು. ನ್ಯೂ ಆರ್ಲಿಯನ್ಸ್ ಬೀಜ ಬಿತ್ತಿದರು. ಆಗಿನ ಧಾರವಾಡದ ಕಲೆಕ್ಟರ್ ಶಾ ಎಂಬವರು ಈ ಬೆಳೆಗೆ ತುಂಬಾ ಬೆಂಬಲ ಕೊಟ್ಟರು. ಭಾರತದ ಎಷ್ಟೋ ಕಡೆ ಅಮೆರಿಕದ ಬೀಜ ಹಿಡಿಯಲಿಲ್ಲ, ಇಲ್ಲಿ ಹಿಡಿಯಿತು. ರೈತರು ಅದನ್ನು ತಮ್ಮ ಜವಾರಿ ಹತ್ತಿಯ ಪಕ್ಕದಲ್ಲಿ ಬೆಳೆಯತೊಡಗಿದರು. ಹೊರದೇಶದ ಮಾರುಕಟ್ಟೆಯಲ್ಲಿ ಇದಕ್ಕೆ ಧಾರವಾಡ-ಅಮೆರಿಕನ್ ಎಂಬ ಹೆಸರು ಬಂತು. ನಮ್ಮ ಜವಾರಿ ಹತ್ತಿಯ ಹೆಸರು ಕುಮಟಾ ಹತ್ತಿ. ಕುಮಟಾದಲ್ಲಿ ಅದನ್ನು ಬೆಳೆಯುತ್ತಿರಲಿಲ್ಲ. ಬೆಳೆದದ್ದು ನಮ್ಮ ಎರೆಭೂಮಿಯಲ್ಲಿ, ಹಡಗು ಹತ್ತಿದ್ದು ಕುಮಟಾ ಬಂದರಿನಲ್ಲಿ. ಹೆಸರು ಮಾತ್ರ ಬಂದರಿಗೆ ಹೋಯಿತು. ಬೆಳೆದವನ ಊರಿಗಿಂತ ಮಾರಿದ ಊರಿಗೆ ಹೆಸರು ಬರುವುದು ಅಂದಿನಿಂದಲೇ ಇದೆ ಎಂದಾಯಿತು.

1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆಯಿತು. ಅಲ್ಲಿನ ಹತ್ತಿ ಹೊರಗೆ ಬರುವುದು ನಿಂತುಹೋಯಿತು. ಕೂಡಲೇ ನಮ್ಮ ಕಡೆಯ ಹತ್ತಿಗೆ ಹಿಂದೆಂದೂ ಇಲ್ಲದ ಬೆಲೆ ಬಂತು. ಯುದ್ಧ ಮುಗಿದ ಮೇಲೆ ಬೆಲೆ ಬಿತ್ತು. ನಾವು ಅರ್ಥಶಾಸ್ತ್ರದಲ್ಲಿ ಬೇಡಿಕೆ-ಪೂರೈಕೆಯ ರೇಖೆ ಎಳೆಯುತ್ತೇವಲ್ಲ, ಅದರ ಒಂದು ತುದಿ ಅಮೆರಿಕದಲ್ಲಿ, ಇನ್ನೊಂದು ತುದಿ ನಮ್ಮ ಹೊಲದಲ್ಲಿ ಇತ್ತು. ಎಲ್ಲೋ ದೂರದಲ್ಲಿ ಯುದ್ಧವಾದರೆ ಇಲ್ಲಿ ಸಾಲ ತೀರುತ್ತಿತ್ತು, ಅಲ್ಲಿ ಶಾಂತಿಯಾದರೆ ಇಲ್ಲಿ ಸಾಲ ಏರುತ್ತಿತ್ತು.

ಹೊಲದಿಂದ ಬೇಲ್‌ವರೆಗೆ

ಹತ್ತಿ ಮತ್ತು ಹುಬ್ಬಳ್ಳಿಯ ನಂಟು ಅರ್ಥವಾಗಬೇಕಾದರೆ ಒಂದು ಸಣ್ಣ ಲೆಕ್ಕ ತಿಳಿದಿರಬೇಕು. ಹೊಲದಲ್ಲಿ ಬಿಡಿಸಿದ ಹತ್ತಿಯಲ್ಲಿ ಕಾಳು ಇರುತ್ತದೆ. ಕಾಳು ತೆಗೆದರೆ ಸಿಗುವ ಅರಳೆ ತೂಕದಲ್ಲಿ ಸುಮಾರು ಮೂರನೇ ಒಂದು ಭಾಗ ಮಾತ್ರ. ಇಂದಿನ ಒಂದು ಬೇಲ್ ಎಂದರೆ 170 ಕೆ.ಜಿ. ಅರಳೆ. ಅಂದರೆ ಒಂದು ಬೇಲ್ ತಯಾರಾಗಲು ಹತ್ತಿರ ಹತ್ತಿರ 5 ಕ್ವಿಂಟಲ್ ಹತ್ತಿ ಬೇಕು. ಹತ್ತಿ ಬಿಡಿಸಿದವರಿಗೆ ಗೊತ್ತು, ಒಬ್ಬ ಹೆಣ್ಣುಮಗಳು ದಿನವಿಡೀ ಬಾಗಿ ಬಿಡಿಸಿದರೂ ಉಡಿ ತುಂಬುತ್ತದೆ, ತೂಕ ಮಾತ್ರ ಏರುವುದಿಲ್ಲ. ಹಾಗೆ ಎಷ್ಟೋ ಹೆಣ್ಣುಮಕ್ಕಳ ಎಷ್ಟೋ ದಿನಗಳ ದುಡಿಮೆ ಒಂದೇ ಬೇಲ್‌ನಲ್ಲಿ ಇರುತ್ತದೆ.

ಸಡಿಲ ಹತ್ತಿ ಹಗುರ, ಆದರೆ ಜಾಗ ಬಹಳ ಹಿಡಿಯುತ್ತದೆ. ಚಕ್ಕಡಿ ತುಂಬಿದರೂ ತೂಕ ಕಡಿಮೆ. ಅದನ್ನು ದೂರ ಸಾಗಿಸಿದರೆ ಬಾಡಿಗೆಯೇ ಲಾಭ ತಿನ್ನುತ್ತದೆ. ಆದ್ದರಿಂದ ಹತ್ತಿರದ ಒಂದು ಊರಿನಲ್ಲಿ ಕಾಳು ತೆಗೆದು, ಒತ್ತಿ, ಬೇಲ್ ಕಟ್ಟಿ ಕಳಿಸಬೇಕು. ಆ ಕೆಲಸಕ್ಕೆ ಜಿನ್ನಿಂಗ್ ಫ್ಯಾಕ್ಟರಿ, ಪ್ರೆಸ್, ಗೋದಾಮು, ದಲಾಲಿ ಅಂಗಡಿ, ಹಮಾಲರು, ಸಾಲ ಕೊಡುವ ಸಾಹುಕಾರರು ಎಲ್ಲ ಬೇಕು. ಇವೆಲ್ಲ ಒಂದೇ ಕಡೆ ಸೇರಿದ ಊರು ಹುಬ್ಬಳ್ಳಿ.

ಅದಕ್ಕೆ ಮೊದಲು ಹತ್ತಿ ಚಕ್ಕಡಿಗಳಲ್ಲಿ ಘಟ್ಟ ಇಳಿದು ಕುಮಟಾಕ್ಕೆ ಹೋಗುತ್ತಿತ್ತು. 1876-78ರ ಭೀಕರ ಬರಗಾಲದಲ್ಲಿ ಈ ಭಾಗದಲ್ಲಿ ಲೆಕ್ಕವಿಲ್ಲದಷ್ಟು ಜನ ಹಸಿವಿನಿಂದ ಸತ್ತರು. ಬೇರೆ ಕಡೆಯಿಂದ ಕಾಳುಕಡಿ ತರಲು ದಾರಿ ಇಲ್ಲ ಎಂಬುದು ಸರ್ಕಾರಕ್ಕೆ ತಿಳಿಯಿತು. ಆಮೇಲೆ 1882ರಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿ ಸ್ಥಾಪನೆಯಾಯಿತು. ಆ ದಶಕದಲ್ಲಿಯೇ ಗದಗ, ಲೋಂಡಾ, ಹರಿಹರ ಮೂರೂ ಕಡೆಗೆ ಹಳಿಗಳು ಹುಬ್ಬಳ್ಳಿಯಿಂದ ಕೂಡಿಕೊಂಡವು. ಲೋಂಡಾದ ಆಚೆ ಗೋವಾದ ಮರ್ಮಗೋವಾ ಬಂದರು ಇತ್ತು. ಬರಗಾಲದ ಹೆಸರಿನಲ್ಲಿ ಬಂದ ರೈಲು ಹತ್ತಿಯನ್ನು ಹೊತ್ತು ಸಮುದ್ರದ ಕಡೆ ಓಡಿತು. ಗದಗ ರಸ್ತೆಯಲ್ಲಿ ರೈಲ್ವೆ ವರ್ಕ್‌ಶಾಪ್ ಆಯಿತು. ಅದರಲ್ಲಿ ದುಡಿಯಲು ತಮಿಳು, ತೆಲುಗು, ಮರಾಠಿ ಮಾತಾಡುವ ಕುಟುಂಬಗಳು ಬಂದು ನೆಲೆಸಿದವು. ಇಂದು ಹುಬ್ಬಳ್ಳಿ ನಿಲ್ದಾಣದಲ್ಲಿ 1,507 ಮೀಟರ್ ಉದ್ದದ ಪ್ಲಾಟ್‌ಫಾರ್ಮ್ ಇದೆ. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಇದು ಜಗತ್ತಿನಲ್ಲೇ ಉದ್ದವಾದದ್ದು ಎಂದು ಗಿನ್ನೆಸ್ ದಾಖಲೆಯಲ್ಲಿದೆ. ನಾವೆಲ್ಲ ಅದರ ರೀಲ್ಸ್ ನೋಡಿದ್ದೇವೆ. ಅದರ ಹಿಂದೆ ಹತ್ತಿ ತುಂಬಿದ ಚಕ್ಕಡಿಗಳ ಸಾಲು ಇದೆ ಎಂಬುದನ್ನು ರೀಲ್ಸ್ ಹೇಳುವುದಿಲ್ಲ.

ಶಿಕಾಗೋ ಎಂಬ ಇನ್ನೊಂದು ಹುಬ್ಬಳ್ಳಿ

ಸ್ವಾಮಿ ವಿವೇಕಾನಂದರು 1893ರಲ್ಲಿ ಭಾಷಣ ಮಾಡಿದ ಊರು ಎಂದು ಶಿಕಾಗೋ ಹೆಸರು ನಮಗೆಲ್ಲ ಗೊತ್ತು. ಆ ಊರೂ ಅರಸರ ಊರಲ್ಲ. ಅಮೆರಿಕದ ನಡುಭಾಗದಲ್ಲಿ, ಸಾಗರದಿಂದ ದೂರ, ದೊಡ್ಡ ಸರೋವರದ ದಂಡೆಯಲ್ಲಿದೆ. ಸುತ್ತಲಿನ ಬಯಲಿನ ರೈತರ ಗೋಧಿ, ಮೆಕ್ಕೆಜೋಳ, ದನಕರು ಎಲ್ಲ ರೈಲು ಹತ್ತಿ ಅಲ್ಲಿಗೆ ಬರುತ್ತಿದ್ದವು. 1848ರಲ್ಲಿ ಅಲ್ಲಿ ಕಾಳಿನ ವ್ಯಾಪಾರಿಗಳು ಸೇರಿ ಶಿಕಾಗೋ ಬೋರ್ಡ್ ಆಫ್ ಟ್ರೇಡ್ ಕಟ್ಟಿದರು. ನಮ್ಮ ಪಠ್ಯದಲ್ಲಿ ಬರುವ ಫ್ಯೂಚರ್ಸ್ ಮಾರುಕಟ್ಟೆ, ಅಂದರೆ ಮುಂದೆ ಬರುವ ಮಾಲಿಗೆ ಇಂದೇ ಬೆಲೆ ಕಟ್ಟುವ ವ್ಯವಹಾರ, ಅಲ್ಲಿ ಬೆಳೆಯಿತು.

ಇನ್ನೊಂದು ಮಾತು ನನಗೆ ಹೆಚ್ಚು ಮುಖ್ಯ ಎನ್ನಿಸಿತು. ಇಪ್ಪತ್ತನೇ ಶತಮಾನದಲ್ಲಿ ದಕ್ಷಿಣದ ಹತ್ತಿ ಹೊಲಗಳನ್ನು ಬಿಟ್ಟು ಲಕ್ಷಾಂತರ ಕಪ್ಪು ಜನ ಉತ್ತರದ ನಗರಗಳಿಗೆ ಹೋದರು. ಮಿಸಿಸಿಪಿಯಿಂದ ಇಲಿನಾಯ್ಸ್ ಸೆಂಟ್ರಲ್ ರೈಲು ಹತ್ತಿ ಶಿಕಾಗೋಕ್ಕೆ ಬಂದವರು ತಮ್ಮ ಜೊತೆಗೆ ಬ್ಲೂಸ್ ಎಂಬ ಹಾಡಿನ ರೀತಿಯನ್ನೂ ತಂದರು. ಹತ್ತಿ ಹೊಲದ ಹಾಡು ನಗರದ ಹಾಡಾಯಿತು. ಜಗತ್ತು ಅದನ್ನು ಶಿಕಾಗೋ ಬ್ಲೂಸ್ ಎಂದು ಕರೆಯಿತು. ಮಾಲು ತರುವ ರೈಲು ಮನುಷ್ಯರನ್ನೂ ತರುತ್ತದೆ, ಮನುಷ್ಯರು ಹಾಡು, ಅಡುಗೆ, ಮಾತು ಎಲ್ಲ ತರುತ್ತಾರೆ. ನಮ್ಮಲ್ಲೂ ಹೀಗೇ ಆಯಿತು.

ರೈಲಿನಲ್ಲಿ ಬಂದ ಹಾಡು

ಉಸ್ತಾದ್ ಅಬ್ದುಲ್ ಕರೀಂ ಖಾನ್ 1872ರಲ್ಲಿ ಉತ್ತರ ಪ್ರದೇಶದ ಕೈರಾನಾದಲ್ಲಿ ಹುಟ್ಟಿದವರು. ಕಿರಾಣಾ ಘರಾಣೆ ಎಂಬ ಹೆಸರು ಆ ಊರಿನಿಂದಲೇ ಬಂದದ್ದು. ಅವರು ಮೀರಜಿನಲ್ಲಿ ನೆಲೆಸಿದರು. ಅಲ್ಲಿಂದ ಮೈಸೂರು ಅರಮನೆಗೆ ಹೋಗಿ ಬರುವ ದಾರಿಯಲ್ಲಿ ಧಾರವಾಡ, ಹುಬ್ಬಳ್ಳಿ, ಕುಂದಗೋಳ ಸಿಗುತ್ತಿದ್ದವು. ಕುಂದಗೋಳದ ನಾಡಗೇರ ವಾಡೆಯಲ್ಲಿ ಅವರು ತಂಗುತ್ತಿದ್ದರು, ಹಾಡುತ್ತಿದ್ದರು. ಅದೇ ಊರಿನ ರಾಮಭಾವು ಎಂಬ ಹುಡುಗ ಅವರ ಶಿಷ್ಯನಾದ. ಮರಾಠಿ ರಂಗಭೂಮಿಯಲ್ಲಿ ಹೆಸರು ಮಾಡಿ ಅವರೇ ಸವಾಯಿ ಗಂಧರ್ವ (1886-1952) ಆದರು.

ಅವರ ಹತ್ತಿರ ಕಲಿಯಲು ಗಂಗೂಬಾಯಿ ಹಾನಗಲ್ (1913-2009) ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿ ಬರುತ್ತಿದ್ದರು. ಒಂದು ದಿನ ಎರಡು ದಿನ ಅಲ್ಲ, ವರ್ಷಗಟ್ಟಲೆ. ಹೆಣ್ಣುಮಗಳು ಹಾಡು ಕಲಿಯುವುದನ್ನು ಜನ ಹಗುರವಾಗಿ ಮಾತಾಡುತ್ತಿದ್ದ ಕಾಲ ಅದು. ಗದಗದ ಕಡೆಯ ಹುಡುಗ ಭೀಮಸೇನ ಜೋಶಿ (1922-2011) ಗುರುವನ್ನು ಹುಡುಕುತ್ತಾ ಮನೆ ಬಿಟ್ಟು ರೈಲು ಹತ್ತಿ ಉತ್ತರ ಭಾರತವನ್ನೆಲ್ಲ ಸುತ್ತಿದರು. ಕೊನೆಗೆ ಗುರು ಸಿಕ್ಕಿದ್ದು ಕುಂದಗೋಳದಲ್ಲಿ. ಅಬ್ದುಲ್ ಕರೀಂ ಖಾನರು 1937ರಲ್ಲಿ ತೀರಿಕೊಂಡದ್ದೂ ತಮಿಳುನಾಡಿನ ಒಂದು ಚಿಕ್ಕ ರೈಲು ನಿಲ್ದಾಣದಲ್ಲಿ, ಪ್ರಯಾಣದ ನಡುವೆ ಮೈಗೆ ಸರಿಯಿಲ್ಲವೆಂದು ಇಳಿದಾಗ.

ನಾನು ಇದನ್ನು ನಮ್ಮ ಅಬ್ಬಾಗೆ ಹೇಳಿದಾಗ ಅವರು ಕುಂದಗೋಳಕ್ಕೆ ಮೆಣಸಿನಕಾಯಿ ತರಲು ಎಷ್ಟೋ ಸಲ ಹೋಗಿದ್ದರೂ ಈ ವಾಡೆಯ ವಿಷಯ ಗೊತ್ತಿರಲಿಲ್ಲ ಎಂದರು. ಕೈರಾನಾದ ಒಬ್ಬ ಮುಸಲ್ಮಾನ ಉಸ್ತಾದ, ಕುಂದಗೋಳದ ಒಬ್ಬ ಬ್ರಾಹ್ಮಣ ಶಿಷ್ಯ, ಹುಬ್ಬಳ್ಳಿಯ ಒಬ್ಬ ಹೆಣ್ಣುಮಗಳು. ಈ ಮೂವರನ್ನು ಕೂಡಿಸಿದ್ದು ಹತ್ತಿಯ ಬೇಲ್ ಹೊರುವ ಅದೇ ಹಳಿ. ಹುಬ್ಬಳ್ಳಿಯನ್ನು ಸಂಗೀತದ ಊರು ಎನ್ನುತ್ತಾರೆ. ಆದರೆ ಆ ಸಂಗೀತದ ಶಾಲೆ ಇದ್ದದ್ದು ನಮ್ಮ ಜಿಲ್ಲೆಯ ಒಂದು ಸಣ್ಣ ಊರಿನಲ್ಲಿ.

ಕಂಪನಿ ನಾಟಕಗಳದ್ದೂ ಇದೇ ಕತೆ. ಪರದೆ, ಪೆಟ್ಟಿಗೆ, ಹಾರ್ಮೋನಿಯಂ ಎಲ್ಲ ಕಟ್ಟಿಕೊಂಡು ನಾಟಕ ಕಂಪನಿಗಳು ಊರಿಂದ ಊರಿಗೆ ಹೋಗುತ್ತಿದ್ದವು. ಸುಗ್ಗಿ ಮುಗಿದು ರೈತರ ಕೈಯಲ್ಲಿ ನಾಲ್ಕು ಕಾಸು ಆಡುವಾಗ, ಜಾತ್ರೆಗಳ ಹೊತ್ತಿಗೆ ಕ್ಯಾಂಪ್ ಹಾಕುತ್ತಿದ್ದವು. ನೂರಾ ಮೂರು ವರ್ಷ ಬಾಳಿದ ಏಣಗಿ ಬಾಳಪ್ಪ (1914-2017) ಈ ರಂಗದ ಹಿರಿಯರು. ಬೀಳಗಿಯಲ್ಲಿ ಹುಟ್ಟಿದ ಅಮೀರಬಾಯಿ ಕರ್ನಾಟಕಿ ನಮ್ಮ ಕಡೆಯಿಂದ ಮುಂಬಯಿಗೆ ಹೋಗಿ, 1943ರ 'ಕಿಸ್ಮತ್' ಸಿನಿಮಾದ ಹಾಡುಗಳಿಂದ ದೇಶಕ್ಕೆಲ್ಲ ಗೊತ್ತಾದರು. ಹಳ್ಳಿಯವರ ಟಿಕೆಟ್ ದುಡ್ಡೇ ನಾಟಕ ಕಂಪನಿಗಳ ಬಂಡವಾಳ.

ಪೇಟೆಗೆ ಬಂದವರ ಊಟ, ಓದು

ಹತ್ತಿ ಮಾರಲು ಬಂದ ರೈತ ಅಂದೇ ಊರಿಗೆ ಮರಳುವಂತಿರಲಿಲ್ಲ. ಸವಾಲು ಆಗಬೇಕು, ತೂಕ ಆಗಬೇಕು, ರೊಕ್ಕ ಕೈಗೆ ಬರಬೇಕು. ಅಷ್ಟರವರೆಗೆ ಊಟ ಎಲ್ಲಿ? ಹೀಗೆ ಬೆಳೆದವು ಜೋಳದ ರೊಟ್ಟಿಯ ಖಾನಾವಳಿಗಳು. ಮನೆಯ ಊಟದಂತೆಯೇ ರೊಟ್ಟಿ, ಪಲ್ಯ, ಶೇಂಗಾ ಹಿಂಡಿ. ಮಾಂಸದ ಊಟಕ್ಕೆ ಹೆಸರಾದ ಸಾವಜಿ ಖಾನಾವಳಿಗಳು ನೇಕಾರಿಕೆಯ ಪಟ್ಟೇಗಾರ ಸಮಾಜದವರ ಕೈರುಚಿ. ಅವಸರದ ಹಸಿವಿಗೆ ಗಿರ್ಮಿಟ್: ಚುರಮುರಿಗೆ ಉಳ್ಳಾಗಡ್ಡಿ, ಹುಣಸೆ-ಬೆಲ್ಲದ ಒಗ್ಗರಣೆ, ಪುಠಾಣಿ ಪುಡಿ ಕಲಸಿ, ಪಕ್ಕಕ್ಕೆ ಒಂದು ಬಿಸಿ ಮಿರ್ಚಿ. ಧಾರವಾಡ ಪೇಡೆಯನ್ನು ಇಲ್ಲಿಗೆ ತಂದದ್ದು ಉತ್ತರ ಪ್ರದೇಶದ ಉನ್ನಾವದಿಂದ ಬಂದ ಠಾಕೂರ್ ಮನೆತನ. ನಮ್ಮ ಊರಿನ ರುಚಿ ಎಂದು ನಾವು ಹೆಮ್ಮೆ ಪಡುವುದರಲ್ಲಿ ಎಷ್ಟೋ ಬೇರೆ ಕಡೆಯಿಂದ ಬಂದವರ ಕೈಯಲ್ಲಿ ಆದದ್ದು.

ಓದಿನಲ್ಲೂ ಹುಬ್ಬಳ್ಳಿ ಪೇಟೆಯೇ. 'ಸಂಯುಕ್ತ ಕರ್ನಾಟಕ' ಪತ್ರಿಕೆ ಬೆಳಗಾವಿಯಿಂದ ಬಂದು ಇಲ್ಲಿ ಬೆಳೆಯಿತು. 1956ರಲ್ಲಿ 'ಕಸ್ತೂರಿ' ಮಾಸಪತ್ರಿಕೆ ಇಲ್ಲಿಯೇ ಹುಟ್ಟಿತು. ಪಾ.ವೆಂ. ಆಚಾರ್ಯರು ಅದನ್ನು ಮನೆಮನೆಗೆ ತಲುಪಿಸಿದ ಸಂಪಾದಕರು. 1950ರ ಜನವರಿ 8ರಂದು ಧಾರವಾಡ ಆಕಾಶವಾಣಿ ಶುರುವಾಯಿತು. ಪತ್ರಿಕೆ ಓದಲು ಬಾರದವರ ಮನೆಗೂ ಹಾಡು, ಸುದ್ದಿ, ಮಾರುಕಟ್ಟೆಯ ಧಾರಣೆ ಬಂದವು.

ಪೇಟೆಯ ಮಾತಿನಲ್ಲಿ ನಮ್ಮ ಮನೆಯ ಮಾತು

ನಮ್ಮ ಮನೆಯ ಮಾತು ಉರ್ದು. ಅದೂ ಪುಸ್ತಕದ ಉರ್ದು ಅಲ್ಲ, ನಮ್ಮ ಕಡೆಯ ದಖನಿ. ಕನ್ನಡದಲ್ಲಿ ಲೆಕ್ಕಶಾಸ್ತ್ರ ಓದುವಾಗ ನನಗೆ ಒಂದು ಸುಲಭ ಇದೆ: ಎಷ್ಟೋ ಶಬ್ದಗಳು ಮನೆಯಲ್ಲಿ ಕೇಳಿದವೇ. ಜಮಾ, ಖರ್ಚು, ಬಾಕಿ, ದಲಾಲಿ, ವಸೂಲಿ, ಕರಾರು, ಜಾಮೀನು, ರಸೀದಿ, ತಗಾದೆ, ಜಪ್ತಿ. ಅಮರಗೋಳದ ಎಪಿಎಂಸಿಯಲ್ಲಿ ಯಾವ ರೈತನೂ ಇವು ಬೇರೆ ಭಾಷೆಯ ಶಬ್ದ ಎಂದು ನಿಂತು ಯೋಚಿಸುವುದಿಲ್ಲ. ಅವು ಅವನ ಕನ್ನಡ. ಇತ್ತ ನಮ್ಮ ದಖನಿಯಲ್ಲಿ ಮನೆಯಿಂದ ಹೊರಡುವಾಗ 'ಹುಬ್ಳಿಕೂ ಜಾಕೆ ಆತೂಂ' ಎನ್ನುತ್ತೇವೆ. ದಿಲ್ಲಿಯ ಕಡೆಯವರು ಹೊರಡುವಾಗ 'ಜಾತಾ ಹೂಂ' ಎನ್ನುತ್ತಾರೆ. ನಾವು ಕನ್ನಡದವರ ಹಾಗೆ 'ಹೋಗಿ ಬರ್ತೀನಿ' ಎಂಬುದನ್ನೇ ಉರ್ದುವಿನಲ್ಲಿ ಹೇಳುತ್ತೇವೆ. ಒಂದೇ ಪೇಟೆಯಲ್ಲಿ ಮುನ್ನೂರು ನಾನೂರು ವರ್ಷ ಕೊಟ್ಟು ತೆಗೆದುಕೊಂಡವರ ಮಾತು ಹೀಗೇ ಬೆರೆಯುತ್ತದೆ. ಯಾರು ಯಾರಿಗೆ ಎಷ್ಟು ಕೊಟ್ಟರು ಎಂದು ಲೆಕ್ಕ ತೆಗೆದರೆ ಶಿಲ್ಕು ಹೊಂದುವುದಿಲ್ಲ.

ಓಣಿಗಳ ಹೆಸರುಗಳೂ ಒಂದು ಕಡತವೇ. ಜವಳಿ ಸಾಲು, ಕಂಚಗಾರ ಗಲ್ಲಿ, ಗಿರಣಿ ಚಾಳ, ಕಾಟನ್ ಮಾರ್ಕೆಟ್, ಕಾರವಾರ ರಸ್ತೆಯ ಭಾರತ್ ಮಿಲ್ ಸರ್ಕಲ್. ಗಿರಣಿಯ ಭೋಂಗಾ ಕೂಗುವುದು ನಿಂತರೂ ಹೆಸರು ಉಳಿದಿದೆ. ಮುಂದಿನ ಸಲ ಹೋದಾಗ ಅಂಗಡಿಗಳ ಬೋರ್ಡಿನ ಕೆಳಗೆ ಬರೆದ ವಿಳಾಸ ಓದಿ ನೋಡಿ.

ಗೋಡೆಗೆ ನಿಲ್ಲಿಸಿದ ಮಗ್ಗ

ಹತ್ತಿಯ ಲೆಕ್ಕದಲ್ಲಿ ನಮ್ಮ ಸಮಾಜದ ಹೆಣ್ಣುಮಕ್ಕಳ ಹೆಸರಿನಲ್ಲಿ ಬರೆಯಬೇಕಾದ ಒಂದು ಸಾಲು 'ನವಲಗುಂದದ ಜಮಖಾನ'. ವಿಜಾಪುರದ ಕಡೆಯಿಂದ ಬಂದ ನೇಕಾರ ಮನೆತನಗಳು ನವಲಗುಂದದಲ್ಲಿ ನೆಲೆಸಿದ ಓಣಿಗೆ ಜಮಖಾನ ಗಲ್ಲಿ ಎಂದೇ ಹೆಸರು. ಇಲ್ಲಿ ನೇಯುವವರು ಹೆಂಗಸರು ಮಾತ್ರ. ಮಗ್ಗ ನೆಟ್ಟಗೆ ಗೋಡೆಗೆ ಆನಿಸಿ ನಿಂತಿರುತ್ತದೆ. ಕಬ್ಬಿಣದ ಹಣಿಗೆಯಿಂದ ನೂಲನ್ನು ಕೆಳಕ್ಕೆ ಬಡಿದು ಬಡಿದು ಗಟ್ಟಿ ಮಾಡುತ್ತಾರೆ. ನವಿಲು, ಪಗಡೆ ಹಾಸಿನ ಚಿತ್ರ, ನಮಾಜಿಗೆ ಬೇಕಾಗುವ ಜಾನಮಾಜ್ ಎಲ್ಲ ಇದರಲ್ಲೇ ಆಗುತ್ತವೆ. ಸರ್ಕಾರದಿಂದ ಇದಕ್ಕೆ ಜಿ.ಐ. ಮಾನ್ಯತೆ ಸಿಕ್ಕಿದೆ.

ಈ ಕಸುಬನ್ನು ಸೊಸೆಗೆ ಕಲಿಸುತ್ತಾರೆ, ಮಗಳಿಗೆ ಕಲಿಸುವುದಿಲ್ಲ ಎಂಬ ರೂಢಿ ಇತ್ತು. ಮಗಳು ಮದುವೆಯಾಗಿ ಬೇರೆ ಊರಿಗೆ ಹೋದರೆ ಗುಟ್ಟೂ ಹೋಗುತ್ತದೆ ಎಂಬ ಭಯ. ವಾಣಿಜ್ಯದ ಭಾಷೆಯಲ್ಲಿ ಹೇಳಬೇಕೆಂದರೆ ಇದು ವ್ಯಾಪಾರದ ಗುಟ್ಟನ್ನು ಕಾಯುವ ಕ್ರಮ. ನಮ್ಮ ದಾದಿ ನೇಯುತ್ತಿದ್ದರು, ಅಮ್ಮಿ ಅವರಿಂದ ಕಲಿತರು. ನಾನು ಮಗಳು. ಆದರೆ ಈಗ ಕಲಿಯಲು ಬರುವ ಸೊಸೆಯರೇ ಕಡಿಮೆ. ಒಂದು ಜಮಖಾನ ಮುಗಿಯಲು ಹಿಡಿಯುವ ದಿನಗಳನ್ನು ಎಣಿಸಿ ಕೂಲಿ ಹಾಕಿದರೆ, ಹೊಲದ ಕೂಲಿಗಿಂತ ಹೆಚ್ಚು ಬೀಳುವುದಿಲ್ಲ. ಕಳೆದ ರಜೆಯಲ್ಲಿ ದಾದಿ ತಾವಾಗಿಯೇ ನನ್ನನ್ನು ಕರೆದು, ನೂಲು ಹಾಯಿಸುವುದು ಹೇಗೆ ಎಂದು ತೋರಿಸಿದರು. 'ಅಬ್ ಬೇಟಿ ಕ್ಯಾ, ಬಹೂ ಕ್ಯಾ' ಎಂದರು. ಇನ್ನು ಮಗಳಾದರೇನು, ಸೊಸೆಯಾದರೇನು ಎಂದು ಅದರ ಅರ್ಥ. ಅವರ ದನಿಯಲ್ಲಿ ಸಂತೋಷ ಇತ್ತೋ ಬೇಸರ ಇತ್ತೋ ಹೇಳಲಾರೆ.

ನಷ್ಟದ ಬದಿ

ಖಾತೆಯಲ್ಲಿ ಲಾಭ ಮಾತ್ರ ಬರೆದರೆ ಅದು ಸುಳ್ಳು ಲೆಕ್ಕ. ಮಲಪ್ರಭಾ ಕಾಲುವೆ ಬಂದಾಗ ನೀರು ಸರಿಯಾಗಿ ತಲುಪದ ಹೊಲಗಳಿಗೂ ಸರ್ಕಾರ ಅಭಿವೃದ್ಧಿ ಕರ ಹಾಕಿತು. ಹತ್ತಿಗೆ ಬೆಲೆಯೂ ಇರಲಿಲ್ಲ. 1980ರ ಜುಲೈ 21ರಂದು ನವಲಗುಂದ, ನರಗುಂದಗಳಲ್ಲಿ ರೈತರು ಬೀದಿಗೆ ಇಳಿದರು. ಗೋಲಿಬಾರ್ ಆಯಿತು, ರೈತರು ಪ್ರಾಣ ಕಳೆದುಕೊಂಡರು. ಪ್ರತಿ ವರ್ಷ ಆ ದಿನ ನವಲಗುಂದದಲ್ಲಿ ಹುತಾತ್ಮ ರೈತರನ್ನು ನೆನೆಯುತ್ತಾರೆ. ಹುಬ್ಬಳ್ಳಿಯ ಪೇಟೆಯ ಧಾರಣೆ ಹಲಗೆಯ ಮೇಲೆ ಬರೆದ ಅಂಕಿ ಮಾತ್ರ ಅಲ್ಲ. ಅದರ ಹಿಂದೆ ಜೀವಗಳಿವೆ ಎಂಬುದನ್ನು ಆ ದಿನ ಹೇಳುತ್ತದೆ.

ಇನ್ನೊಂದು ಉದಾಹರಣೆ ಹುಬ್ಬಳ್ಳಿಯ ಬೆಂಗೇರಿಯದು. 1957ರ ನವೆಂಬರ್ 1ರಂದು ಸ್ಥಾಪನೆಯಾದ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ ಅಲ್ಲಿದೆ. ಸರ್ಕಾರದ ಗುಣಮಟ್ಟದ ಮುದ್ರೆ ಪಡೆದು ರಾಷ್ಟ್ರಧ್ವಜ ತಯಾರಿಸುವ ಘಟಕ ಅದು. ಬಾಗಲಕೋಟೆ ಕಡೆಯ ತುಳಸಿಗೇರಿಯಲ್ಲಿ ನೇಯ್ದ ಖಾದಿ ಬಟ್ಟೆ ಇಲ್ಲಿ ಧ್ವಜವಾಗುತ್ತದೆ. ಅತಿ ದೊಡ್ಡದು 21 ಅಡಿ ಉದ್ದ, 14 ಅಡಿ ಅಗಲ. ಅಲ್ಲಿ ದುಡಿಯುವವರಲ್ಲಿ ಹೆಚ್ಚಿನವರು ಹೆಣ್ಣುಮಕ್ಕಳು. 2021ರ ಡಿಸೆಂಬರ್ 30ರಂದು ಧ್ವಜ ಸಂಹಿತೆಗೆ ತಿದ್ದುಪಡಿಯಾಗಿ, ಯಂತ್ರದಲ್ಲಿ ಮಾಡಿದ ಮತ್ತು ಪಾಲಿಯೆಸ್ಟರ್ ಧ್ವಜಗಳಿಗೂ ಅವಕಾಶ ಸಿಕ್ಕಿತು. ಧ್ವಜ ಅಗ್ಗವಾಯಿತು, ಖಾದಿ ಧ್ವಜದ ಬೇಡಿಕೆಗೆ ಪೆಟ್ಟು ಬಿತ್ತು. ಕೊಳ್ಳುವವರಿಗೆ ಲಾಭ, ನೂಲುವವರಿಗೆ ನಷ್ಟ. ಎರಡೂ ನಿಜ, ಎರಡನ್ನೂ ಬರೆಯಬೇಕು.

ನಾವೇನು ಮಾಡಬಹುದು

ಇಷ್ಟು ಬರೆದ ಮೇಲೆ ನನಗೆ ತಿಳಿದದ್ದು ಇಷ್ಟೇ. ಹುಬ್ಬಳ್ಳಿ ಎಂಬುದು ನಾವು ಹೋಗಿ ನೋಡಿ ಬರುವ ಬೇರೆಯವರ ಊರಲ್ಲ. ನವಲಗುಂದದ ಎರೆಮಣ್ಣು, ಅಣ್ಣಿಗೇರಿಯ ಹತ್ತಿ, ಕುಂದಗೋಳದ ಹಾಡು, ಕಲಘಟಗಿಯ ಬಣ್ಣದ ತೊಟ್ಟಿಲು, ಜಮಖಾನ ಗಲ್ಲಿಯ ನೂಲು ಎಲ್ಲ ಸೇರಿ ಆದ ಊರು. ಅಲ್ಲಿಯ ಕಾಲೇಜಿಗೆ ಸೇರಿದಾಗ 'ಹಳ್ಳಿಯಿಂದ ಬಂದವರು' ಎಂದು ಯಾರಾದರೂ ಅಂದರೆ ತಲೆ ತಗ್ಗಿಸುವ ಕಾರಣ ಇಲ್ಲ. ಹಳ್ಳಿಯಿಂದ ಬಂದವರೇ ಅದನ್ನು ಕಟ್ಟಿದ್ದು.

ಆದರೆ ಈ ಲೆಕ್ಕದ ಎಷ್ಟೋ ಪುಟಗಳು ಪುಸ್ತಕದಲ್ಲಿ ಇಲ್ಲ. ನಮ್ಮ ಅಜ್ಜ ಅಜ್ಜಿಯರ, ದಾದಾ ದಾದಿಯರ ಬಾಯಲ್ಲಿವೆ. ಚಕ್ಕಡಿಯಲ್ಲಿ ಹತ್ತಿ ಹೇರಿಕೊಂಡು ಹೋಗಿ ರಾತ್ರಿ ಎಲ್ಲಿ ಮಲಗುತ್ತಿದ್ದರು, ಮೊದಲು ನೋಡಿದ ನಾಟಕ ಯಾವುದು, ಜಿನ್ನಿಂಗ್ ಫ್ಯಾಕ್ಟರಿಯಲ್ಲಿ ಕೂಲಿ ಎಷ್ಟು, ದಲಾಲಿ ಅಂಗಡಿಯ ಹಳೆಯ ಚೀಟಿ ಟ್ರಂಕಿನಲ್ಲಿ ಇದೆಯೇ ಎಂದು ಕೇಳಿ ಬರೆದಿಟ್ಟುಕೊಳ್ಳಲು ರೊಕ್ಕ ಬೇಕಾಗಿಲ್ಲ. ಒಂದು ವಹಿ, ಒಂದು ಪೆನ್ನು ಸಾಕು. ನಮ್ಮ ಪತ್ರಿಕೆಯ ಮುಂದಿನ ಸಂಚಿಕೆಗಳಲ್ಲಿ ಇದಕ್ಕಾಗಿ ಅರ್ಧ ಪುಟ ಬಿಡಬೇಕೆಂದು ಸಂಪಾದಕರಲ್ಲಿ ವಿನಂತಿಸುತ್ತೇನೆ. ವಿಜ್ಞಾನ ವಿಭಾಗದವರು, ಕಲಾ ವಿಭಾಗದವರು, ನಮ್ಮ ಶಿಕ್ಷಕರು, ಆಫೀಸಿನ ಸಿಬ್ಬಂದಿ ಯಾರು ಬೇಕಾದರೂ ಬರೆಯಬಹುದು. ಮೊದಲ ಬರಹವಾಗಿ ನಮ್ಮ ದಾದಿ ಹೇಳಿದ ಜಮಖಾನದ ಚಿತ್ರಗಳ ಹೆಸರುಗಳನ್ನು ನಾನು ಕೊಡುತ್ತೇನೆ. ಈವರೆಗೆ ಹನ್ನೊಂದು ಬರೆದುಕೊಂಡಿದ್ದೇನೆ, ಇನ್ನೂ ಇವೆ ಎನ್ನುತ್ತಾರೆ.